ಹೊಳೆ ದಂಡೆಯಲ್ಲಿ ರಾತ್ರಿಯ ಅಂಜಿಕೆ

ನೆತ್ತಿಯ ಮೇಲೆ ಚುಕ್ಕಿಗಳು ನಿಚ್ಚಳವಾಗಿರುತ್ತವೆ, ಊರಲ್ಲಿ ಎರಡು ದಿನದಿಂದ ಹನಿ ಬಿದ್ದಿರುವುದಿಲ್ಲ, ಹೊಳೆ ಮಾತ್ರ ಏರುತ್ತಲೇ ಇರುತ್ತದೆ. ಚಿಕ್ಕೋಡಿ ತಾಲ್ಲೂಕಿನ ಕಲ್ಲೋಳ, ಯಡೂರು, ಮಾಂಜರಿ, ಇಂಗಳಿ, ಕಾಗವಾಡ ತಾಲ್ಲೂಕಿನ ಜುಗೂಳ, ಮಂಗಾವತಿ, ಶಹಾಪುರ, ರಾಯಬಾಗ ತಾಲ್ಲೂಕಿನ ಕುಡಚಿ, ಅಥಣಿ ತಾಲ್ಲೂಕಿನ ದರೂರ, ಸಪ್ತಸಾಗರ, ನದಿ ಇಂಗಳಗಾಂವ. ಈ ಊರುಗಳಲ್ಲಿ ಜುಲೈ, ಆಗಸ್ಟ್ ತಿಂಗಳ ರಾತ್ರಿ ಹೇಗಿರುತ್ತದೆ ಎಂಬುದನ್ನು ಬೇರೆ ಕಡೆಯವರಿಗೆ ಹೇಳಿ ತಿಳಿಸುವುದು ಕಷ್ಟ. ಗುಡುಗು ಮಿಂಚು ಇದ್ದರೆ ಅಂಜಿಕೆಗೆ ಒಂದು ಕಾರಣ ಕಣ್ಣಿಗೆ ಕಾಣುತ್ತದೆ. ಇಲ್ಲಿ ಆಕಾಶ ಏನನ್ನೂ ಹೇಳುವುದಿಲ್ಲ.

ಮಳೆ ಬೀಳುವುದು ಒಂದು ಕಡೆ, ನೀರು ಬರುವುದು ಇನ್ನೊಂದು ಕಡೆ. ಮಹಾಬಳೇಶ್ವರದ ಬೆಟ್ಟಗಳಲ್ಲಿ ಸುರಿದದ್ದು ಕೃಷ್ಣೆಗೆ ಇಳಿಯುತ್ತದೆ. ಕರಾಡದಲ್ಲಿ ಕೊಯ್ನಾ ಕೂಡುತ್ತದೆ, ಸಾಂಗಲಿಯ ಹತ್ತಿರ ವಾರಣಾ, ನರಸೋಬಾವಾಡಿಯಲ್ಲಿ ಪಂಚಗಂಗಾ. ಇಷ್ಟೂ ನೀರು ರಾಜಾಪುರ ಬ್ಯಾರೇಜ್ ದಾಟಿ ನಮ್ಮ ಗಡಿಯೊಳಗೆ ಬರುತ್ತದೆ. ಅತ್ತ ದೂಧಗಂಗಾ ವೇದಗಂಗೆಯನ್ನು ಕರೆದುಕೊಂಡು ನಿಪ್ಪಾಣಿ ಸೀಮೆಯ ಹಳ್ಳಿಗಳನ್ನು ಬಳಸಿ ಬಂದು ಕಲ್ಲೋಳದ ಆಸುಪಾಸಿನಲ್ಲಿ ಅದೇ ಕೃಷ್ಣೆಗೆ ಸೇರುತ್ತದೆ. ಹೊಳೆ ಏರಿತೆಂದರೆ ಮೊದಲು ಮುಳುಗುವುದು ತಗ್ಗಿನ ಸೇತುವೆಗಳು. ಕಲ್ಲೋಳ-ಯಡೂರು, ಮಲಿಕವಾಡ-ದತ್ತವಾಡ, ಕಾರದಗಾ-ಭೋಜ, ಜತ್ರಾಟ-ಭಿವಶಿ ಎಂದು ಪತ್ರಿಕೆಗಳು ವರ್ಷವರ್ಷವೂ ಅವೇ ಹೆಸರು ಬರೆಯುತ್ತವೆ. ಸೇತುವೆ ಮುಳುಗಿದ ರಾತ್ರಿ ಆಸ್ಪತ್ರೆ ದೂರವಾಗುತ್ತದೆ, ತವರು ದೂರವಾಗುತ್ತದೆ, ಮನೆಯಲ್ಲಿ ದಿನ ತುಂಬಿದ ಬಸುರಿಯೋ ಉಬ್ಬಸದ ಮುದುಕರೋ ಇದ್ದರೆ ಯಾರ ಕಣ್ಣಿಗೂ ನಿದ್ದೆ ಹತ್ತುವುದಿಲ್ಲ.

ಇದರ ಮೇಲೆ ನೆನಪಿನ ಭಾರ. 2005, 2019, 2021. ನದಿ ದಂಡೆಯವರಿಗೆ ಇವು ಬರೀ ಇಸವಿಗಳಲ್ಲ, ಗೋಡೆಯ ಮೇಲೆ ನೀರು ನಿಂತ ಗೆರೆಗಳು. 2019ರ ಆಗಸ್ಟ್‌ನಲ್ಲಿ ಉಟ್ಟ ಬಟ್ಟೆಯಲ್ಲಿ ದೋಣಿ ಹತ್ತಿದವರು ಇದ್ದಾರೆ, ಕಟ್ಟಿದ ದನದ ಹಗ್ಗ ಬಿಚ್ಚಿ ಬಿಟ್ಟು ಹಿಂದಿರುಗಿ ನೋಡದೆ ನಡೆದವರು ಇದ್ದಾರೆ. ಅಂಥವರು ಇವತ್ತಿಗೂ ಮಧ್ಯರಾತ್ರಿ ಎದ್ದು, ದಂಡೆಯ ಅಂಚಿಗೆ ನೆಟ್ಟ ಕಡ್ಡಿ ನೀರೊಳಗೆ ಹೋಯಿತೋ ಹೊರಗಿದೆಯೋ ಎಂದು ಬ್ಯಾಟರಿ ಹಿಡಿದು ನೋಡಿ ಬರುತ್ತಾರೆ. ಬಂದು ಮಲಗುತ್ತಾರೆ. ಅರ್ಧ ತಾಸಿಗೆ ಮತ್ತೆ ಏಳುತ್ತಾರೆ. "ನೀರ ಎಷ್ಟ ಏರೈತ್ರಿ ಕಾಕಾ?" ಎಂದು ಕತ್ತಲಲ್ಲೇ ಯಾರೋ ಕೇಳುತ್ತಾರೆ. "ಒಂದ ಗೇಣ" ಎಂಬ ಉತ್ತರ ಬರುತ್ತದೆ. ಆ ಒಂದು ಗೇಣಿಗೆ ಓಣಿಯ ತುಂಬ ದೀಪ ಹತ್ತುತ್ತವೆ.

ಈ ಅಂಜಿಕೆಯನ್ನು ಹೇಡಿತನ ಎನ್ನುವವರ ಮೇಲೆ ನನಗೆ ಸಿಟ್ಟಿದೆ. "ಇಷ್ಟ ಅಂಜಿದ್ರ ಹೆಂಗ?" ಎಂದು ಗಂಡಸರನ್ನು ಹಂಗಿಸುವುದು, "ಗಾಳಿ ಸೋಕೈತಿ" ಎಂದು ಹೆಂಗಸರನ್ನು ಮೂಲೆಗೆ ಕೂರಿಸುವುದು ಎರಡೂ ಅನ್ಯಾಯ. ರಾತ್ರಿಯ ಭಯವನ್ನು ಸರಿಯಾಗಿ ನೋಡಿದರೆ ಅದರಲ್ಲಿ ಎರಡು ಪಾಲು ಇರುತ್ತದೆ. ಒಂದು ಪಾಲು ಕೆಲಸ ಕೇಳುತ್ತದೆ. ಮಾಹಿತಿ ತೆಗೆದುಕೋ, ಗಂಟು ಕಟ್ಟಿಡು, ದನಕ್ಕೆ ದಾರಿ ನೋಡು ಎನ್ನುತ್ತದೆ. ಕೆಲಸ ಮಾಡಿದರೆ ಅದು ಇಳಿಯುತ್ತದೆ. ಇನ್ನೊಂದು ಪಾಲು ಕೆಲಸವೆಲ್ಲ ಮುಗಿದ ಮೇಲೂ ಎದೆಯಲ್ಲಿ ಉಳಿದು, ಹೊಳೆ ಇಳಿದ ಚಳಿಗಾಲದಲ್ಲೂ ಎಬ್ಬಿಸಿ ಕೂರಿಸುತ್ತದೆ. ಅದಕ್ಕೆ ಬೇಕಾದದ್ದು ಆರೈಕೆ, ಕೆಲವೊಮ್ಮೆ ಚಿಕಿತ್ಸೆ. ಮೊದಲನೆಯದಕ್ಕೆ ಮಾತ್ರೆ ಕೊಟ್ಟರೂ ಎರಡನೆಯದಕ್ಕೆ ಧೈರ್ಯ ಹೇಳಿ ಸುಮ್ಮನಾದರೂ ಫಲವಿಲ್ಲ. ನಮ್ಮಲ್ಲಿ ಹೆಚ್ಚಾಗಿ ಆಗುತ್ತಿರುವುದು ಇದೇ ಅದಲುಬದಲು.

ಮೊದಲನೆಯ ಪಾಲನ್ನು ನೋಡೋಣ. ಈಗ ಹೊಳೆ ದಂಡೆಯ ಭಯವನ್ನು ಹೊತ್ತು ತರುವುದು ಕಿಸೆಯಲ್ಲಿರುವ ಫೋನು. ರಾತ್ರಿ ಹನ್ನೊಂದಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಧ್ವನಿ ಸಂದೇಶ ಬರುತ್ತದೆ. ಕೊಯ್ನಾದಿಂದ ಇಷ್ಟು ಬಿಟ್ಟಿದ್ದಾರೆ, ರಾಧಾನಗರಿ ಗೇಟು ತೆರೆದಿದೆ, ಎಚ್ಚರ. ಅದರ ಬೆನ್ನಿಗೆ ಯಾವುದೋ ವರ್ಷದ ಹಳೆಯ ವಿಡಿಯೊ. ಸಂಖ್ಯೆ ಕೇಳಿಯೇ ಎದೆ ಝಲ್ಲೆನ್ನುತ್ತದೆ. ಆ ಸಂಖ್ಯೆಗಳ ಲೆಕ್ಕ ಗೊತ್ತಿದ್ದರೆ ಅರ್ಧ ಗಾಬರಿ ಅಲ್ಲೇ ಇಳಿಯುತ್ತದೆ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರ್ ನೀರು. ಒಂದು ಲಕ್ಷ ಕ್ಯುಸೆಕ್ ಪೂರ್ತಿ 24 ತಾಸು ಹರಿದರೆ 8.64 ಟಿಎಂಸಿ ಆಗುತ್ತದೆ. ಕೊಯ್ನಾ ಜಲಾಶಯದ ಪೂರ್ಣ ಸಾಮರ್ಥ್ಯ 105 ಟಿಎಂಸಿಗೆ ತುಸು ಹೆಚ್ಚು. ಅಣೆಕಟ್ಟು ತುಂಬಿದೆ ಎಂದರೆ ಅಷ್ಟೂ ನೀರು ಇವತ್ತು ರಾತ್ರಿ ನಮ್ಮ ಹಿತ್ತಿಲಿಗೆ ಬರುತ್ತದೆ ಎಂದರ್ಥವಲ್ಲ. ರಾಧಾನಗರಿಯ ಗೇಟುಗಳಂತೂ ಸ್ವಯಂಚಾಲಿತ. ನೀರಿನ ಮಟ್ಟ ಮುಟ್ಟಿದಾಗ ತಾವೇ ತೆರೆದುಕೊಳ್ಳುವ ಹಾಗೆ ಅವನ್ನು ಕಟ್ಟಲಾಗಿದೆ. ಗೇಟು ತೆರೆದ ಸುದ್ದಿ ಅಪಾಯದ ಸೂಚನೆ ಆಗಿರಬಹುದು, ಅಣೆಕಟ್ಟು ಒಡೆದ ಸುದ್ದಿಯಂತೂ ಅಲ್ಲ.

ಇನ್ನೊಂದು ಸಮಾಧಾನದ ಸಂಗತಿ ಭೂಗೋಳದಲ್ಲೇ ಇದೆ. ಕೊಯ್ನಾದಿಂದ ಬಿಟ್ಟ ನೀರು ಕರಾಡ, ಸಾಂಗಲಿ ದಾಟಿ ರಾಜಾಪುರ ಮುಟ್ಟಲು ಸಾಕಷ್ಟು ತಾಸು ಬೇಕು. ಆ ನಡುವಿನ ಹೊತ್ತು ನಮ್ಮದು. ನಿಜವಾಗಿ ನೋಡಬೇಕಾದ ಸಂಖ್ಯೆ ಕೊಯ್ನಾದ್ದಕ್ಕಿಂತ ಹೆಚ್ಚಾಗಿ ರಾಜಾಪುರ ಬ್ಯಾರೇಜ್‌ನ ಹೊರಹರಿವು ಮತ್ತು ದೂಧಗಂಗೆಯ ಹರಿವು. ಇವೆರಡರ ಮೊತ್ತವೇ ಕಲ್ಲೋಳದ ಬಳಿ ಕೃಷ್ಣೆಯ ಹರಿವು. ಪತ್ರಿಕೆಗಳೂ ತಾಲ್ಲೂಕು ಆಡಳಿತವೂ ಲೆಕ್ಕ ಕೊಡುವುದು ಹೀಗೆಯೇ. ನಿನ್ನೆ ಎಷ್ಟಿತ್ತು, ಇವತ್ತು ಎಷ್ಟಿದೆ ಎಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುವ ಮನೆಯವರು, ಕಂಡಕಂಡ ವಿಡಿಯೊ ತೆರೆಯುವವರಿಗಿಂತ ನೆಮ್ಮದಿಯಿಂದ ನಿದ್ದೆ ಮಾಡುತ್ತಾರೆ. ಸಂಜೆ ಒಂದು ಗೊತ್ತಾದ ಹೊತ್ತಿಗೆ ಗ್ರಾಮ ಪಂಚಾಯಿತಿ, ತಹಶೀಲ್ದಾರರ ಕಚೇರಿ ಅಥವಾ ಜಿಲ್ಲಾ ಸಹಾಯವಾಣಿ 1077ರಿಂದ ಮಾಹಿತಿ ಪಡೆದು, ಆಮೇಲೆ ಗುಂಪುಗಳ ಸದ್ದು ನಿಲ್ಲಿಸಬೇಕು. ಫೋನ್ ಬಂದ್ ಮಾಡಬಾರದು, ಕರೆ ಬರುವಂತಿರಲಿ.

ಹೊಳೆ ಕಾಯುವ ಕೆಲಸವನ್ನು ಪಾಳಿ ಹಂಚಿಕೊಂಡು ಮಾಡಬೇಕು. ಓಣಿಯ ನಲವತ್ತು ಮನೆಯವರೂ ಇಡೀ ರಾತ್ರಿ ಎದ್ದು ಕೂರುವುದರಿಂದ ನೀರು ಒಂದು ಗೇಣೂ ತಗ್ಗುವುದಿಲ್ಲ. ಇಬ್ಬಿಬ್ಬರಂತೆ ಎರಡೆರಡು ತಾಸು ಕಾದರೆ ಉಳಿದವರು ಮಲಗಬಹುದು. ಯಾರೋ ಎಚ್ಚರವಿದ್ದಾರೆ ಎಂಬ ಭರವಸೆಯೇ ಮಿಕ್ಕವರಿಗೆ ನಿದ್ದೆ ತರುತ್ತದೆ. ಗಂಟಿನಲ್ಲಿ ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಹೊಲದ ಉತಾರ, ವಾರಕ್ಕಾಗುವ ಬಿಪಿ-ಶುಗರ್ ಮಾತ್ರೆ, ಬ್ಯಾಟರಿ, ಮಕ್ಕಳ ಒಂದು ಜೊತೆ ಬಟ್ಟೆ ಇದ್ದರೆ ಸಾಕು. ಎಲ್ಲಕ್ಕಿಂತ ಮುಖ್ಯ ದನ. ಮನೆ ಬಿಟ್ಟು ಹೊರಡದೆ ಕೊನೆಯ ತಾಸಿನವರೆಗೂ ಕೂತುಬಿಡುವವರನ್ನು ಕೇಳಿ ನೋಡಿ, ಹತ್ತಕ್ಕೆ ಎಂಟು ಮಂದಿ ಎಮ್ಮೆಯ ಹೆಸರು ಹೇಳುತ್ತಾರೆ. ದನ ಎಲ್ಲಿಗೆ, ಯಾವ ದಾರಿಯಲ್ಲಿ, ಯಾರ ಕಣಕ್ಕೆ ಎಂಬುದು ಜೂನ್ ತಿಂಗಳಲ್ಲೇ ಮಾತಾಗಿದ್ದರೆ ಆಗಸ್ಟ್‌ನ ರಾತ್ರಿಯ ದೊಡ್ಡ ಭಾರವೊಂದು ಇಳಿದಂತೆ.

ಹೊಳೆಯಿಂದ ದೂರ ಇರುವ ತೋಟಪಟ್ಟಿಯವರ ಅಂಜಿಕೆ ಬೇರೆ. ಕಬ್ಬಿಗೆ ನೀರು ಹಾಯಿಸಲು ತ್ರೀ ಫೇಸ್ ಕರೆಂಟ್ ದಿನಕ್ಕೆ ಏಳು ತಾಸು, ಅದೂ ಪಾಳಿಯ ಮೇಲೆ. ರಾತ್ರಿ ಪಾಳಿ ಬಂದ ವಾರ ಗಂಡ ಎರಡು ಗಂಟೆಗೆ ಎದ್ದು ಹೊಲಕ್ಕೆ ಹೋದರೆ ಹೆಂಡತಿ ಬಾಗಿಲ ಕಡೆ ಕಿವಿ ಇಟ್ಟು ಬೆಳಗು ಮಾಡುತ್ತಾಳೆ. ಆಳೆತ್ತರದ ಕಬ್ಬಿನಲ್ಲಿ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ನೀರು ತಿರುಗಿಸುವಾಗ ಕಾಲಿಗೆ ಏನು ತಗುಲಿತು ಎಂಬುದು ಆ ಕತ್ತಲಲ್ಲಿ ಕಾಣುವುದಿಲ್ಲ. ಹಾವಿನ ಭಯ ಹುಸಿ ಭಯವಲ್ಲ. 2024ರಲ್ಲಿ ರಾಜ್ಯ ಸರ್ಕಾರ ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ಆದೇಶಿಸಿದ್ದು ಅದು ಅಷ್ಟು ದೊಡ್ಡ ಸಮಸ್ಯೆ ಎಂಬ ಕಾರಣಕ್ಕೇ. ಮೊಣಕಾಲ ಮಟ್ಟದ ರಬ್ಬರ್ ಬೂಟು, ತಲೆಗೆ ಕಟ್ಟುವ ಬ್ಯಾಟರಿ, ಮುಂದೆ ನೆಲ ಬಡಿಯಲು ಒಂದು ಕೋಲು, ಜೊತೆಗೆ ಪಕ್ಕದ ಹೊಲದವರ ಸಂಗಾತ ಇರಬೇಕು. ಗುಡಿಸಲಲ್ಲಿ ನೆಲದ ಮೇಲೆ ಮಲಗುವ ಕಬ್ಬು ಕಡಿಯುವ ಗ್ಯಾಂಗಿನವರು ಸೊಳ್ಳೆ ಪರದೆಯ ಅಂಚನ್ನು ಹಾಸಿಗೆಯ ಅಡಿಗೆ ಸೇರಿಸಿಕೊಳ್ಳಬೇಕು. ಕಟ್ಟುಹಾವು ಕಡಿಯುವುದು ಹೆಚ್ಚಾಗಿ ರಾತ್ರಿ ಮಲಗಿದವರನ್ನು, ನೋವೂ ಬಾವೂ ಬಹಳ ಇರುವುದಿಲ್ಲ. ಕಡಿದದ್ದು ಹೌದೋ ಅಲ್ಲವೋ ಎಂಬ ಅನುಮಾನವಿದ್ದರೂ ನೇರ ಆಸ್ಪತ್ರೆಗೆ ಹೋಗಬೇಕು, ಮಂತ್ರ ಹಾಕಿಸಲು ನಿಲ್ಲಬಾರದು.

ಇಷ್ಟು ಮಾಡಿದ ಮೇಲೂ ಉಳಿಯುವ ಅಂಜಿಕೆಯ ಮಾತಿಗೆ ಬರುತ್ತೇನೆ. ಈ ಲೇಖನ ಬರೆಯಲು ಕೂತದ್ದೇ ಅದಕ್ಕಾಗಿ.

ರಾತ್ರಿ ಎರಡೂವರೆ. ಹೊಳೆ ತನ್ನ ಪಾತ್ರದಲ್ಲಿದೆ, ಮನೆಯಲ್ಲಿ ಎಲ್ಲರೂ ಮಲಗಿದ್ದಾರೆ. ಹೆಣ್ಣುಮಗಳೊಬ್ಬಳಿಗೆ ತಟ್ಟನೆ ಎಚ್ಚರವಾಗುತ್ತದೆ. ಎದೆ ಡಬಡಬ ಬಡಿದುಕೊಳ್ಳುತ್ತಿದೆ. ಉಸಿರು ಸಾಲುತ್ತಿಲ್ಲ. ಅಂಗೈ ಬೆವರಿದೆ, ಬೆರಳ ತುದಿ, ತುಟಿಯ ಸುತ್ತ ಜುಂ ಎನ್ನುತ್ತಿದೆ. ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ. ಅವಳು ಎದ್ದು ಕೂತು, "ಅತ್ತಿ, ನಂಗ ಜೀವಾ ಹೋಗತೈತಿ" ಎನ್ನುತ್ತಾಳೆ. ಅತ್ತೆ ಹಣೆಗೆ ಅಂಗಾರ ಹಚ್ಚುತ್ತಾರೆ, ಗಂಡ "ಏನೂ ಆಗಿಲ್ಲ, ಸುಮ್ಮ ಮಲಕೋ" ಎಂದು ಮಗ್ಗುಲಾಗುತ್ತಾನೆ. ಇಪ್ಪತ್ತು ನಿಮಿಷದಲ್ಲಿ ಅದು ತಾನಾಗಿ ಇಳಿಯುತ್ತದೆ. ಆದರೆ ಮರುದಿನ ಸಂಜೆ ದೀಪ ಹಚ್ಚುವ ಹೊತ್ತಿಗೇ, ಇವತ್ತೂ ಹಾಗೇ ಆದರೆ ಎಂಬ ಇನ್ನೊಂದು ಅಂಜಿಕೆ ಸುರುವಾಗುತ್ತದೆ.

ಅವಳಿಗಾದದ್ದಕ್ಕೆ ವೈದ್ಯರು ಪ್ಯಾನಿಕ್ ಅಟ್ಯಾಕ್ ಎನ್ನುತ್ತಾರೆ. ಮೆದುಳಿನಲ್ಲಿ ಅಮಿಗ್ಡಾಲಾ ಎಂಬ ಪುಟ್ಟ ಭಾಗವಿದೆ. ಊರ ತಳವಾರನ ಹಾಗೆ ಅದು, ಕಳ್ಳ ಬಂದರೂ ಎಲೆ ಅಲುಗಿದರೂ ಮೊದಲು ಕೂಗಿಬಿಡುತ್ತದೆ, ವಿಚಾರಣೆ ಆಮೇಲೆ. ಕೂಗಿದ ಕೂಡಲೇ ಅಡ್ರಿನಲಿನ್ ರಕ್ತಕ್ಕೆ ಇಳಿಯುತ್ತದೆ, ಎದೆ ಓಡುತ್ತದೆ, ಉಸಿರು ಜೋರಾಗುತ್ತದೆ. ಓಡಿಹೋಗಲು ಅಥವಾ ಎದುರು ನಿಲ್ಲಲು ದೇಹ ಮಾಡಿಕೊಳ್ಳುವ ಸಿದ್ಧತೆ ಇದು. ಹಾಸಿಗೆಯಲ್ಲಿ ಮಲಗಿದವಳಿಗೆ ಓಡಲು ದಾರಿಯಿಲ್ಲ. ಉಸಿರು ಜೋರಾಗಿ ಬಿಟ್ಟಷ್ಟೂ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಬೆರಳು ಜುಂ ಎನ್ನುವುದು, ತಲೆ ಹಗುರಾಗುವುದು ಅದರಿಂದ. ಆ ಜುಂ ಅನ್ನುವಿಕೆಯನ್ನು ಸಾವಿನ ಸೂಚನೆ ಎಂದು ತಿಳಿದು ಇನ್ನಷ್ಟು ಅಂಜುತ್ತಾಳೆ, ಅಂಜಿದಷ್ಟೂ ಉಸಿರು ಇನ್ನೂ ಜೋರು. ಈ ಸುತ್ತು ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಆಮೇಲೆ ಇಳಿಯುತ್ತದೆ. ಇಳಿದೇ ಇಳಿಯುತ್ತದೆ, ದೇಹಕ್ಕೆ ಆ ಮಟ್ಟದಲ್ಲಿ ಬಹಳ ಹೊತ್ತು ನಿಲ್ಲಲು ಆಗುವುದಿಲ್ಲ.

ರಾತ್ರಿಯೇ ಯಾಕೆ ಎಂದು ಕೇಳಬಹುದು. ಹಗಲು ಕಣ್ಣು ಕಿವಿಗಳಿಗೆ ನೂರು ಕೆಲಸ. ರಾತ್ರಿ ಹೊರಗಿನ ಸದ್ದು ಅಡಗಿ, ಮನಸ್ಸಿಗೆ ತನ್ನ ಎದೆಬಡಿತವೇ ದೊಡ್ಡ ಸದ್ದಾಗಿ ಕೇಳುತ್ತದೆ. ಜೊತೆಗೆ ನಿದ್ದೆಗೇಡು. 2007ರಲ್ಲಿ ಅಮೆರಿಕದ ವಿಜ್ಞಾನಿಗಳು ಒಂದು ರಾತ್ರಿ ನಿದ್ದೆಗೆಟ್ಟವರ ಮೆದುಳಿನ ಚಿತ್ರ ತೆಗೆದು ನೋಡಿದಾಗ, ಕೆಟ್ಟ ದೃಶ್ಯಗಳನ್ನು ಕಂಡಾಗ ಅವರ ಅಮಿಗ್ಡಾಲಾ ನಿದ್ದೆ ಮಾಡಿದವರಿಗಿಂತ ಶೇ 60ರಷ್ಟು ಹೆಚ್ಚು ಉದ್ರೇಕಗೊಂಡಿತ್ತು. ಪ್ರವಾಹದ ವಾರದಲ್ಲಿ ಸಾಲು ರಾತ್ರಿ ಕಾದು ಕೂತವರ ಎದೆ ಆಮೇಲೆ ಸಣ್ಣ ಸದ್ದಿಗೂ ಹಾರುವುದಕ್ಕೆ ಕಾರಣ ಇಲ್ಲಿದೆ.

ಆ ಹೊತ್ತಿನಲ್ಲಿ ಮಾಡಬೇಕಾದದ್ದು ಸರಳ. ಎದ್ದು ಗೋಡೆಗೆ ಬೆನ್ನು ಕೊಟ್ಟು ಕೂರಿ. ಅಂಗಾಲು ನೆಲಕ್ಕೆ ತಾಗಲಿ. ಮೂಗಿನಿಂದ ಮೆಲ್ಲಗೆ ಉಸಿರು ತೆಗೆದುಕೊಂಡು, ಬಿಸಿ ಚಹಾ ಆರಿಸುವಂತೆ ತುಟಿ ಕೂಡಿಸಿ, ಒಳಗೆ ತೆಗೆದುಕೊಂಡದ್ದಕ್ಕಿಂತ ಎರಡರಷ್ಟು ಹೊತ್ತು ಹೊರಗೆ ಬಿಡಿ. ನಾಲ್ಕು ಎಣಿಸಿ ಒಳಗೆ, ಎಂಟು ಎಣಿಸಿ ಹೊರಗೆ. ಐದಾರು ನಿಮಿಷ ಬಿಡದೆ ಮಾಡಬೇಕು. ಪಕ್ಕದಲ್ಲಿರುವವರು "ಏನೂ ಆಗಿಲ್ಲ" ಎನ್ನಬಾರದು. ಅವಳಿಗೆ ಆಗುತ್ತಿರುವುದು ನಿಜ. ಕೈ ಹಿಡಿದು, "ಅಂಜಿಕಿ ಬಂದೈತಿ ತಂಗಿ, ಹತ್ತ ನಿಮಿಷದಾಗ ಇಳೀತೈತಿ, ನಾ ಇಲ್ಲೇ ಅದೀನಿ" ಎಂದು ಅದನ್ನೇ ಮೆಲ್ಲಗೆ ಹೇಳುತ್ತ ಅವಳ ಜೊತೆಗೇ ಉಸಿರು ಬಿಡಬೇಕು. ಗಂಡಂದಿರು ಈ ಒಂದು ಮಾತು ಕಲಿತರೆ ಎಷ್ಟೋ ಮನೆಗಳಲ್ಲಿ ರಾತ್ರಿ ಬದಲಾಗುತ್ತದೆ.

ಆದರೆ ಮೊದಲ ಸಲ ಹೀಗಾದಾಗ ಪ್ಯಾನಿಕ್ ಎಂದು ತಾವೇ ತೀರ್ಮಾನಿಸಿ ಕೂರಬಾರದು. ಎದೆ ಹಿಂಡಿದಂತೆ ನೋವು ಬಂದು ತೋಳಿಗೆ, ದವಡೆಗೆ ಹರಿಯುತ್ತಿದ್ದರೆ, ನಲವತ್ತು ದಾಟಿದವರಾಗಿದ್ದರೆ, ಬಿಪಿ-ಶುಗರ್ ಇದ್ದರೆ 108ಕ್ಕೆ ಕರೆ ಮಾಡಿ ಆಸ್ಪತ್ರೆ ಸೇರಬೇಕು. ಸಕ್ಕರೆ ಕಾಯಿಲೆಯ ಔಷಧ ತೆಗೆದುಕೊಳ್ಳುವವರಿಗೆ ರಾತ್ರಿ ಸಕ್ಕರೆ ಅಂಶ ತೀರ ಇಳಿದರೂ ಹೀಗೇ ಬೆವರು, ನಡುಕ ಬರುತ್ತದೆ. ಥೈರಾಯ್ಡ್ ಹೆಚ್ಚಾದರೂ ಎದೆ ಹಾರುತ್ತದೆ. ಒಮ್ಮೆ ಇಸಿಜಿ, ರಕ್ತ ಪರೀಕ್ಷೆ ಮಾಡಿಸಿ ಎಲ್ಲ ಸರಿಯಿದೆ ಎಂದಾದ ಮೇಲೆ ಆ ಮಾತನ್ನು ನಂಬಬೇಕು. ವಾರಕ್ಕೊಂದು ಇಸಿಜಿ ಮಾಡಿಸಿಕೊಳ್ಳುತ್ತ ಮೀರಜ್, ಕೊಲ್ಹಾಪುರ ಅಲೆಯುವುದರಿಂದ ದುಡ್ಡೂ ಹೋಗುತ್ತದೆ, ಅಂಜಿಕೆಯೂ ಬೆಳೆಯುತ್ತದೆ.

"ಎದಿ ಮ್ಯಾಲ ಏನೋ ಕುಂತಿತ್ತ, ಕಣ್ಣ ಕಾಣತಿದ್ವು, ಕೈಕಾಲ ಅಲಗಲಿಲ್ಲ, ಚೀರಾಕ ಬಾಯಿ ಬರಲಿಲ್ಲ" ಎಂದು ಹೇಳುವವರು ಊರಿಗೆ ಐದಾರು ಮಂದಿ ಸಿಗುತ್ತಾರೆ. ಇದನ್ನು ದೆವ್ವ ಅಮುಕಿತು ಎನ್ನುವುದು ರೂಢಿ. ಕನಸು ಬೀಳುವ ನಿದ್ದೆಯಲ್ಲಿ ನಮ್ಮ ಕೈಕಾಲಿನ ಸ್ನಾಯುಗಳನ್ನು ಮೆದುಳು ಸಡಿಲ ಬಿಟ್ಟಿರುತ್ತದೆ, ಕನಸಿನಲ್ಲಿ ಓಡಿದರೆ ಹಾಸಿಗೆಯಲ್ಲಿ ಓಡದಿರಲಿ ಎಂದು. ಒಮ್ಮೊಮ್ಮೆ ಮನಸ್ಸು ಎಚ್ಚರಾಗಿ ದೇಹ ಒಂದೆರಡು ನಿಮಿಷ ತಡವಾಗಿ ಎಚ್ಚರಾಗುತ್ತದೆ, ಕನಸಿನ ಚೂರು ಎದುರಿಗೆ ನಿಂತಂತೆ ಕಾಣುತ್ತದೆ. ನಿದ್ದೆಗೆಟ್ಟವರಿಗೆ, ಅಂಗಾತ ಮಲಗುವವರಿಗೆ ಇದು ಹೆಚ್ಚು. ಜೀವಕ್ಕೆ ಅಪಾಯವಿಲ್ಲ. ಮಗ್ಗುಲಾಗಿ ಮಲಗಿ, ಹೊತ್ತಿಗೆ ಸರಿಯಾಗಿ ನಿದ್ದೆ ಮಾಡಿದರೆ ಬಹಳ ಮಂದಿಗೆ ಕಡಿಮೆಯಾಗುತ್ತದೆ.

ಮಕ್ಕಳದು ಇನ್ನೊಂದು ಬಗೆ. ಮಲಗಿ ಒಂದೆರಡು ತಾಸಿಗೆ ಚಿಟ್ಟನೆ ಚೀರಿ ಎದ್ದು ಕೂತು, ಕಣ್ಣು ಬಿಟ್ಟಿದ್ದರೂ ಅವ್ವನನ್ನು ಗುರುತಿಸದ ಮಗುವನ್ನು ಅಲುಗಾಡಿಸಿ ಎಬ್ಬಿಸಬೇಡಿ. ಬೀಳದಂತೆ ನೋಡಿಕೊಂಡರೆ ಸಾಕು, ತಾನೇ ಮತ್ತೆ ಮಲಗುತ್ತದೆ, ಬೆಳಿಗ್ಗೆ ಅದಕ್ಕೆ ಏನೂ ನೆನಪಿರುವುದಿಲ್ಲ. ಬೆಳಗಿನ ಜಾವ ಕೆಟ್ಟ ಕನಸಿಗೆ ಎದ್ದು ಅಳುವ ಮಗುವಿಗೆ ಮಾತ್ರ ಕನಸು ನೆನಪಿರುತ್ತದೆ, ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೇಳಬೇಕು. ಪ್ರವಾಹ ನೋಡಿದ ಮಕ್ಕಳು ಬಿಟ್ಟಿದ್ದ ಹಾಸಿಗೆ ಒದ್ದೆಯನ್ನು ಮತ್ತೆ ಸುರು ಮಾಡಬಹುದು, ಅವ್ವನ ಸೆರಗು ಬಿಡದಿರಬಹುದು. ಬೈಯಬಾರದು. ಉಣ್ಣದ ಮಗುವಿಗೆ "ಗುಮ್ಮ ಬಂತು", "ಹೊಳಿ ಬಂತು" ಎಂದು ಹೆದರಿಸುವ ಚಾಳಿಯನ್ನು ದಯವಿಟ್ಟು ಬಿಡಿ.

ನಿದ್ದೆ ಬಾರದೆ ಹೊರಳಾಡುವ ದೊಡ್ಡವರಿಗೆ ಅನುಭವದಿಂದ ಗಟ್ಟಿಯಾದ ಒಂದು ಉಪಾಯವಿದೆ. ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ಬೂಟ್ಜಿನ್ 1972ರಲ್ಲಿ ಹೇಳಿದ್ದು. ಇಪ್ಪತ್ತು ನಿಮಿಷ ಕಳೆದರೂ ನಿದ್ದೆ ಹತ್ತದಿದ್ದರೆ ಹಾಸಿಗೆ ಬಿಟ್ಟೇಳಿ. ಪಡಸಾಲೆಗೆ ಬಂದು ಸಣ್ಣ ಬೆಳಕಿನಲ್ಲಿ ಏನಾದರೂ ಬೇಸರದ ಕೆಲಸ ಮಾಡಿ, ಅವರೆಕಾಯಿ ಬಿಡಿಸಿದರೂ ಸರಿ, ಅಕ್ಕಿ ಆರಿಸಿದರೂ ಸರಿ. ಕಣ್ಣು ಎಳೆದಾಗ ಮಾತ್ರ ಹಾಸಿಗೆಗೆ ಹಿಂದಿರುಗಿ. ಎಷ್ಟೇ ತಡವಾಗಿ ಮಲಗಿದ್ದರೂ ಬೆಳಿಗ್ಗೆ ಏಳುವ ಹೊತ್ತು ಬದಲಾಗಬಾರದು. ಹಾಸಿಗೆ ಎಂದರೆ ಚಿಂತೆಯ ಜಾಗ ಎಂದು ಕಲಿತುಬಿಟ್ಟ ಮನಸ್ಸಿಗೆ ಅದು ನಿದ್ದೆಯ ಜಾಗ ಎಂದು ಮತ್ತೆ ಕಲಿಸುವುದು ಇದರ ಮರ್ಮ. ಇದರ ಜೊತೆಗೆ ಚಿಂತೆಗೂ ಒಂದು ಹೊತ್ತು ಗೊತ್ತು ಮಾಡಬೇಕು. ಸಂಜೆ ಅರ್ಧ ತಾಸು ಕೂತು ಸೊಸೈಟಿ ಸಾಲ, ಕಾರ್ಖಾನೆಯಿಂದ ಬರಬೇಕಾದ ಕಬ್ಬಿನ ಬಿಲ್ಲು, ಮಗಳ ಮದುವೆ ಎಲ್ಲವನ್ನೂ ಹಾಳೆಯ ಮೇಲೆ ಬರೆದು, ನಾಳೆ ಮಾಡಬಹುದಾದದ್ದಕ್ಕೆ ಗುರುತು ಹಾಕಿ, ವಹಿ ಮುಚ್ಚಬೇಕು. ರಾತ್ರಿ ಅದೇ ಚಿಂತೆ ಬಂದರೆ ನಾಳೆ ಸಂಜೆಗೆ ಹೇಳಿ ಕಳಿಸಬೇಕು. ಮೊದಲ ವಾರ ಇದು ಹುಡುಗಾಟದಂತೆ ತೋರುತ್ತದೆ, ಬಿಡದೆ ಮಾಡಿದರೆ ಹಿಡಿತಕ್ಕೆ ಬರುತ್ತದೆ.

ನಮ್ಮ ಸೀಮೆಯಲ್ಲಿ ನಿದ್ದೆಯ ಮಾತೆತ್ತಿದರೆ ತಂಬಾಕಿನ ಮಾತು ಬಿಡಲಾಗದು. ನಿಪ್ಪಾಣಿ ತಂಬಾಕಿನ ಪೇಟೆ, ಬೀಡಿ ಕಟ್ಟುವ ಕೈಗಳ ಊರು. ಮನಸ್ಸಿಗೆ ಸಮಾಧಾನ ಎಂದು ಮಲಗುವ ಮುಂಚೆ ಬೀಡಿ ಸೇದುವ ಗಂಡಸರು, ಹುರಿದ ತಂಬಾಕಿನ ಮಿಶ್ರಿಯನ್ನು ಒಸಡಿಗೆ ತಿಕ್ಕಿಕೊಂಡು ಮಲಗುವ ಹೆಂಗಸರು ಹಳ್ಳಿಹಳ್ಳಿಯಲ್ಲಿದ್ದಾರೆ. ನಿಕೋಟಿನ್ ಎದೆಬಡಿತ ಏರಿಸುವ ಪದಾರ್ಥ, ನಿದ್ದೆ ಕೆಡಿಸುವ ಪದಾರ್ಥ. ಸಮಾಧಾನ ಎನ್ನಿಸುವುದು ಚಟದ ತಹತಹ ಒಂದಿಷ್ಟು ಹೊತ್ತು ಇಳಿಯುವುದರಿಂದ. ಸೆರೆಯ ಕಥೆಯೂ ಅದೇ. ಕುಡಿದು ಮಲಗಿದವರಿಗೆ ಬೇಗ ನಿದ್ದೆ ಬರುತ್ತದೆ, ಅಮಲು ಇಳಿಯುವ ನಡುರಾತ್ರಿಯ ಹೊತ್ತಿಗೆ ಬೆವತು ನಡುಗಿ ಎಚ್ಚರವಾಗುತ್ತದೆ. ಇನ್ನು ಚೀಟಿಯಿಲ್ಲದೆ ಅಂಗಡಿಯಿಂದ ತಂದು ನುಂಗುವ ನಿದ್ದೆಯ ಮಾತ್ರೆ. ಆಲ್‌ಪ್ರಜೋಲಾಂ ಜಾತಿಯ ಮಾತ್ರೆಗಳು ಕೆಲವೇ ವಾರಗಳಲ್ಲಿ ಚಟವಾಗಬಲ್ಲವು. ಬಹಳ ದಿನ ತೆಗೆದುಕೊಂಡು ಒಮ್ಮೆಲೇ ನಿಲ್ಲಿಸಿದರೆ ಅಂಜಿಕೆ ದುಪ್ಪಟ್ಟಾಗುತ್ತದೆ, ಫಿಟ್ಸ್ ಕೂಡ ಬರಬಹುದು. ಈಗಾಗಲೇ ತೆಗೆದುಕೊಳ್ಳುತ್ತಿರುವವರು ವೈದ್ಯರ ಮುಂದೆ ನಿಜ ಹೇಳಿ, ಮೆಲ್ಲಮೆಲ್ಲಗೆ ಕಡಿಮೆ ಮಾಡಿಸಿಕೊಳ್ಳಬೇಕು.

ಪ್ರವಾಹದಂಥ ದೊಡ್ಡ ಆಘಾತ ಕಂಡವರಲ್ಲಿ ಹೆಚ್ಚಿನವರು ಊಟ, ಸೂರು, ಜೊತೆಗೆ ಜನ ಸಿಕ್ಕರೆ ಕೆಲವು ವಾರಗಳಲ್ಲಿ ತಾವೇ ಸುಧಾರಿಸುತ್ತಾರೆ. ಆದರೆ ತಿಂಗಳು ಕಳೆದರೂ ಅದೇ ಕನಸು, ನೀರಿನ ಸದ್ದು ಕೇಳಿದರೆ ನಡುಕ, ಹೊಳೆಯ ಕಡೆ ಹೋಗಲು ಕಾಲು ಬಾರದಿರುವುದು, ಮಾತುಮಾತಿಗೆ ಸಿಡುಕು, ಬದುಕಿ ಏನು ಮಾಡಲಿ ಎಂಬ ಮಾತು ಇದ್ದರೆ ಅದಕ್ಕೆ ಚಿಕಿತ್ಸೆ ಬೇಕು, ಚಿಕಿತ್ಸೆ ಇದೆ. ಮತ್ತೆ ಮತ್ತೆ ಬೀಳುವ ಕೆಟ್ಟ ಕನಸಿಗೂ ದಾರಿಯುಂಟು. ಹಗಲು ಹೊತ್ತಿನಲ್ಲಿ ಕೂತು ಆ ಕನಸಿನ ಕೊನೆಯನ್ನು ಬದಲಾಯಿಸಿ, ನೀರು ಬಂತು, ದೋಣಿಯೂ ಬಂತು, ಎಮ್ಮೆಯೂ ದಡ ಸೇರಿತು ಎಂದು, ದಿನಾ ಹತ್ತಿಪ್ಪತ್ತು ನಿಮಿಷ ಮನಸ್ಸಿನಲ್ಲಿ ಹೊಸ ಕಥೆಯನ್ನೇ ನಡೆಸಿ ನೋಡುವ ಅಭ್ಯಾಸ. ಸಲಹೆಗಾರರ ನೆರವಿನಲ್ಲಿ ಇದನ್ನು ಮಾಡಿದವರ ಕನಸು ಕಡಿಮೆಯಾದದ್ದನ್ನು ಅಧ್ಯಯನಗಳು ತೋರಿಸಿವೆ.

ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆಗೆ ಈಗ ಉತ್ತರವಿದೆ. ಹಳ್ಳಿಯವರ ಮನೋರೋಗವನ್ನು ಹಳ್ಳಿಯ ಸಮೀಪವೇ ನೋಡಬಹುದು ಎಂದು 1980ರ ದಶಕದಲ್ಲಿ ದೇಶಕ್ಕೆ ತೋರಿಸಿಕೊಟ್ಟದ್ದು ನಿಮ್ಹಾನ್ಸ್ ಸಂಸ್ಥೆ ನಮ್ಮದೇ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ. ಅದರಿಂದಲೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. ಮನೋಚೈತನ್ಯ ಹೆಸರಿನ ಕಾರ್ಯಕ್ರಮದಲ್ಲಿ ಗೊತ್ತಾದ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ಯಾವ ಮಂಗಳವಾರ ಎಂಬುದನ್ನು ಆಶಾ ಕಾರ್ಯಕರ್ತೆಯರಿಂದ ಕೇಳಿ ತಿಳಿದುಕೊಳ್ಳಿ. ಹೆಚ್ಚಿನ ಚಿಕಿತ್ಸೆಗೆ ಬೆಳಗಾವಿಯ ಜಿಲ್ಲಾ ಆಸ್ಪತ್ರೆ ಇದೆ, ಧಾರವಾಡದ ಡಿಮ್ಹಾನ್ಸ್ ಇದೆ. ನಡುರಾತ್ರಿ ಸೇತುವೆ ಮುಳುಗಿರುವಾಗಲೂ ತಲುಪಬಹುದಾದದ್ದು ಟೆಲಿ ಮನಸ್, ಸಂಖ್ಯೆ 14416. 2022ರ ಅಕ್ಟೋಬರ್ 10ರಂದು ಸುರುವಾದ ಈ ಸಹಾಯವಾಣಿ 24 ತಾಸೂ ತೆರೆದಿರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು, ಮರಾಠಿಯಲ್ಲೂ ಮಾತಾಡಬಹುದು. ಎರಡೂ ಭಾಷೆ ಮನೆಮಾತಾಗಿರುವ ಗಡಿ ನಾಡಿಗೆ ಇದು ಸಣ್ಣ ಮಾತಲ್ಲ.

ಚಿಂಚಲಿ ಮಾಯಕ್ಕನಿಗೋ ಯಡೂರು ವೀರಭದ್ರನಿಗೋ ಹರಕೆ ಹೊತ್ತವರನ್ನು ಅದನ್ನು ಬಿಟ್ಟು ಬನ್ನಿ ಎನ್ನುವ ಅಗತ್ಯ ನನಗೆ ಕಾಣುವುದಿಲ್ಲ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ 2008ರಿಂದ ದವಾ-ದುವಾ ಎಂಬ ವ್ಯವಸ್ಥೆ ನಡೆದಿದೆ. ಪ್ರಾರ್ಥನೆಗೆ ಬಂದವರನ್ನು ಅಲ್ಲಿನ ಮುಜಾವರರೇ ಪಕ್ಕದ ಮನೋವೈದ್ಯರ ಕೋಣೆಗೂ ಕಳಿಸುತ್ತಾರೆ. ನಮ್ಮ ಜಾತ್ರೆಗಳಲ್ಲಿ ಬಿಪಿ ನೋಡುವ ಮೇಜು ಹಾಕುವಂತೆ ಮನಸ್ಸಿನ ಕಷ್ಟ ಕೇಳುವ ಒಂದು ಮೇಜನ್ನೂ ಹಾಕಬಹುದು. ದೇವರ ಅಂಗಾರ ಹಣೆಯಲ್ಲಿರಲಿ, ಡಾಕ್ಟರ ಚೀಟಿ ಕಿಸೆಯಲ್ಲಿರಲಿ.

ಹೊಳೆ ದಂಡೆಯ ಪಂಚಾಯಿತಿ ಸದಸ್ಯರಲ್ಲಿ ನನ್ನ ಕೋರಿಕೆ ಇಷ್ಟು. ಈ ಮಳೆಗಾಲದಲ್ಲಿ ದಿನಾ ಸಂಜೆ ಒಂದೇ ಹೊತ್ತಿಗೆ ರಾಜಾಪುರ ಮತ್ತು ದೂಧಗಂಗೆಯ ಲೆಕ್ಕವನ್ನು ಗುಡಿಯ, ಮಸೀದಿಯ, ಬಸದಿಯ ಮೈಕಿನಲ್ಲಿ ಓದಿಸಿ. ಕಾಳಜಿ ಕೇಂದ್ರ ತೆರೆದರೆ ಹೆಣ್ಣುಮಕ್ಕಳು ಶೌಚಾಲಯಕ್ಕೆ ಹೋಗುವ ದಾರಿಯುದ್ದಕ್ಕೂ ದೀಪ ಹಾಕಿಸಿ. 14416 ಎಂಬ ಸಂಖ್ಯೆಯನ್ನು ಕನ್ನಡದಲ್ಲೂ ಮರಾಠಿಯಲ್ಲೂ ಶಾಲೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ. ಮೂರಕ್ಕೂ ಸೇರಿ ತಗಲುವ ಖರ್ಚು ಬಹಳವಿಲ್ಲ, ಅವುಗಳ ಸಿದ್ಧತೆಯನ್ನು ಮಳೆ ಸುರುವಾಗುವ ಮುಂಚೆ ಮಾಡಿ ಮುಗಿಸಬಹುದು.